ಮೈಲುತುತ್ತದ ನೀಲಿ

ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರಕ್ಕೆ ಒಂದು ತಣ್ಣನೆಯ ಹುಳಿ ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಎಲ್ಲಾದರೂ ಅದು ಮೂಗಿಗೆ ಬಡಿದರೆ ಸಾಕು, ಹಳೇಬೀಡಿನ ನಮ್ಮ ಮನೆಯ ಹಿತ್ತಲು, ಬಾವಿಕಟ್ಟೆಯ ಪಕ್ಕ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತ ಕಮಲತ್ತೆ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಅಪ್ಪ ಊರಿನ ಸಣ್ಣ ಗುಡಿಯೊಂದರ ಅರ್ಚಕರು. ಅವರ ತಂಗಿ ಕಮಲತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಗುಡಿಯ ಚೊಂಬು, ತಟ್ಟೆಗಳ ಹಸಿರು ಕಿಲುಬು ತೆಗೆಯುವುದು ಅವಳ ಪಾಲಿನ ಕೆಲಸ. ಆರನೇ ಕ್ಲಾಸಿಗೇ ಅವಳನ್ನು ಸ್ಕೂಲು ಬಿಡಿಸಿದ್ದರಂತೆ. ನಾನು ಪುಸ್ತಕ ತೆಗೆದರೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. "ಇವತ್ತೇನು ಹೇಳ್ಕೊಟ್ರೇ?" ಎಂದು ಕೇಳದೆ ನನಗೆ ಊಟ ಬಡಿಸಿದ್ದೇ ಇಲ್ಲ.

ತೊಂಬತ್ತರ ದಶಕದ ಮಾತು, ನಾನಾಗ ಒಂಬತ್ತನೇ ಕ್ಲಾಸು. ಸ್ಕೂಲಿನಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಪಕ್ಕದ ಮನೆಯವರು ಆಲೂಗಡ್ಡೆ ಹೊಲಕ್ಕೆ ಹೊಡೆಯಲು ತಂದಿದ್ದ ಮೈಲುತುತ್ತದಲ್ಲಿ, ಅದೇ ನಮ್ಮ ಪುಸ್ತಕದ ತಾಮ್ರದ ಸಲ್ಫೇಟು, ನಾಲ್ಕು ಹರಳು ಕೇಳಿ ತಂದೆ. "ವಿಸ ಕಣವ್ವ, ಅಡುಗೆ ಪಾತ್ರೆಗೆ ಮುಟ್ಟಿಸ್ಬ್ಯಾಡ" ಎಂದು ಹೇಳಿಯೇ ಕೊಟ್ಟಿದ್ದರು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಒಡೆದ ಮಡಕೆಯ ಚೂರಿನ ಮೇಲೆ ಅವನ್ನಿಟ್ಟು ಕಾಯಿಸಿದೆ. ನವಿಲಿನ ಕತ್ತಿನಷ್ಟು ನೀಲಿಯಾಗಿದ್ದ ಹರಳು ನೋಡನೋಡುತ್ತಲೇ ಬಿರಿದು, ರಂಗೋಲಿ ಪುಡಿಯ ಹಾಗೆ ಬೆಳ್ಳಗಾಯಿತು. ಆರಿದ ಮೇಲೆ ಒಂದು ತೊಟ್ಟು ನೀರು ಬಿಟ್ಟೆ. ನೀರು ಬಿದ್ದ ಕಡೆಯೆಲ್ಲ ಮತ್ತೆ ನೀಲಿ!

"ಅಯ್ಯಯ್ಯೋ, ಇನ್ನೊಂದ್ಸಲ ಮಾಡೇ!" ಎಂದಳು ಅತ್ತೆ. ಹರಳು ಮುಗಿಯುವ ತನಕ ಬಿಡಲಿಲ್ಲ. ಹರಳಿನೊಳಗೆ ನೀರಿರುತ್ತದೆ, ಕಾಯಿಸಿದರೆ ಅದು ಆವಿಯಾಗಿ ಹೋಗುತ್ತದೆ ಎಂದು ನೋಟ್ಸಿನಲ್ಲಿದ್ದಷ್ಟು ಹೇಳಿದೆ. ಆಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು: "ಕಾಯ್ಸಿದಾಗ ಹೋಗಿದ್ದು ನೀರು ತಾನೇ? ನೀರಿಗೆ ಬಣ್ಣಾನೇ ಇಲ್ಲ. ಅದು ಹೋದ್ರೆ ನೀಲಿ ಯಾಕೇ ಹೋಗ್ಬೇಕು?"

ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಬರೆಸಿದ ನೋಟ್ಸಿನಲ್ಲೂ ಇರಲಿಲ್ಲ. ಹಾಗೆಂದು ಹೇಳಲು ನಾಲಿಗೆ ಬರಬೇಕಲ್ಲ, ಒಂಬತ್ತನೇ ಕ್ಲಾಸಿನ ಜಂಬ! "ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು ಅತ್ತೆ" ಎಂದುಬಿಟ್ಟೆ. "ಹೌದು ಬಿಡು" ಎಂದು ಅತ್ತೆ ಎದ್ದು ಹೋಗಿ ಚೊಂಬು ತಿಕ್ಕಲು ಕೂತಳು. ಅಂದಿನಿಂದ ನನ್ನ ಪುಸ್ತಕದ ಹತ್ತಿರ ಸುಳಿಯಲಿಲ್ಲ. ನನಗೆ ಬಹುಮಾನ ಬಂತು, ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡಳು, ಏನೂ ಕೇಳಲಿಲ್ಲ. ಅವಳಿಗೆ ಕೆಲಸವೇ ಜಾಸ್ತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಮನೆ ಈಗ ಇಲ್ಲ, ಅತ್ತೆಯೂ ಇಲ್ಲ. ಅವಳ ಪ್ರಶ್ನೆಗೆ ಉತ್ತರವನ್ನಾದರೂ ಅವಳಿರುವಾಗಲೇ ಹೇಳಿದೆನಲ್ಲ ಎಂಬುದೊಂದೇ ನೆಮ್ಮದಿ. ಹಾಸನದಲ್ಲಿ ಬಿಎಸ್ಸಿ ಓದುವಾಗ ಉತ್ತರ ಸಿಕ್ಕಿತು. ಆ ಶನಿವಾರವೇ ಬಸ್ಸು ಹತ್ತಿದೆ. ಚಪ್ಪಲಿ ಬಿಡುತ್ತಲೇ ಶುರುಮಾಡಿದೆ: "ಅತ್ತೆ, ಆ ನೀಲಿ ತಾಮ್ರದ್ದೇ. ಆದ್ರೆ ನೀರು ಸುತ್ತ ನಿಂತು ಹಿಡ್ಕೊಂಡಿದ್ರೆ ಮಾತ್ರ ಕಾಣುತ್ತೆ."

"ಓ, ಹಿಡ್ಕೊಳ್ಳೋರು ಬಿಟ್ಟು ಹೋದ್ರೆ ಬಿಳಿ" ಎಂದಳು. ಒಂದೇ ಸಲಕ್ಕೆ ಹೊಳೆದಿತ್ತು ಅವಳಿಗೆ. ನನಗೆ ಎರಡು ದಿನ ಹಿಡಿದಿತ್ತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಆವತ್ತು ನಿಂಗೂ ಗೊತ್ತಿರ್ಲಿಲ್ವೇನೇ?" ಎಂದಳು.

ಇಲ್ಲವೆಂದು ತಲೆಯಾಡಿಸಿದೆ.

"ಅಯ್ಯೋ ಹುಚ್ಚಿ," ಎಂದು ನಕ್ಕಳು ಕಮಲತ್ತೆ. "ನನ್ನ ತಲೆಗೇ ಹತ್ತಲ್ಲ ಅಂತ ಇಷ್ಟು ವರ್ಷ ಸುಮ್ನಾಗ್ಬಿಟ್ಟಿದ್ನಲ್ಲೇ."