ಹೊಸ್ತಿಲಾಚೆಯ ಬುಟ್ಟಿ

ಕಡೂರಿನ ಸ್ಟೇಷನ್ ರಸ್ತೆಯಲ್ಲಿ, ಗಫಾರ್ ಸಾಹೇಬರ ಕೊಬ್ಬರಿ ಮಂಡಿಯ ಬಾಗಿಲೊಳಗೆ, ತಕ್ಕಡಿಯ ಎಡಕ್ಕೆ ನಾನು ನಿಂತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯ ಮಧ್ಯಾಹ್ನ. ನಾನು ಅಲ್ಲಿ ಗುಮಾಸ್ತ. ನನ್ನ ಕಾಲ ಬಳಿ ಒಂದು ಬಿದಿರು ಬುಟ್ಟಿ. ಮಾಲು ತೂಗಿಸಿದ ರೈತರು ಹೊರಡುವ ಮುನ್ನ ಅದರಲ್ಲಿ ಒಂದೊಂದು ಕೊಬ್ಬರಿ ಗಿಟುಕು ಹಾಕುತ್ತಿದ್ದರು. ಅದನ್ನು ಮಾರಿ ಬಂದದ್ದರಲ್ಲಿ ರೈಲ್ವೆ ಸ್ಟೇಷನ್ನಿನ ಮುಂದೆ ಬೇಸಿಗೆಯಿಡೀ ಅರವಟ್ಟಿಗೆ ನಡೆಯುತ್ತಿತ್ತು, ತರೀಕೆರೆ, ಅಜ್ಜಂಪುರದ ರೈಲು ಕಾಯುವವರು ಅಲ್ಲಿ ನೀರು ಕುಡಿಯುತ್ತಿದ್ದರು.

ಅಂದು ಆದಾಯ ತೆರಿಗೆಯವರು ಇಬ್ಬರು ಬಂದು ಮಾಲೆಲ್ಲ ತೂಗಿಸಿದರು. ತೂಗಿಸಲಿ. ಸಂಬಳಕ್ಕೊಂದು, ಲಾಭಕ್ಕೊಂದು, ಬೆಂಕಿಪೊಟ್ಟಣಕ್ಕೂ ಒಂದು ತೆರಿಗೆಯೆಂದು ದೆಹಲಿ ಕೈಚಾಚಿದಾಗ, ಅದೇ ಕೈ ರೈಲು ಹಳಿಯನ್ನೂ ಹಾಸಿತೆಂಬುದನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಆದರೆ ಹಿರಿಯ ಅಧಿಕಾರಿ ಬುಟ್ಟಿಯನ್ನೂ ತಕ್ಕಡಿಗೆ ಏರಿಸಲು ಹೇಳಿದರು. ಹಮಾಲಿ ಈರಪ್ಪ ಬಗ್ಗಿದವನು ಹಾಗೇ ನಿಂತ. ಅಧಿಕಾರಿ ಸಾಹೇಬರ ಕಡೆ ತಿರುಗಿ ಕಾಗದ ಚಾಚಿದರು.

"ಹೊಸ್ತಿಲ ಒಳಗಿದ್ದ ಮೇಲೆ ಅಂಗಡಿ ಮಾಲೇ ಅಲ್ವೇನ್ರೀ? ಬರ್ಕೊಂಡಿದ್ದೀನಿ, ಸೈನ್ ಹಾಕಿ."

ಹಾಕಿದರೆ ಊರು ಕೊಟ್ಟ ನೀರು ಸಾಹೇಬರ ಆದಾಯವಾಗುತ್ತಿತ್ತು. ಹಾಕದಿದ್ದರೆ ಇಡೀ ಮಂಡಿಯೇ ಬಚ್ಚಿಟ್ಟ ಮಾಲೆಂಬ ಅನುಮಾನಕ್ಕೆ ಸಿಲುಕುತ್ತಿತ್ತು. ಸಾಹೇಬರು ಕಾಗದವನ್ನು ಹಿಂದಕ್ಕೆ ಸರಿಸಿದರು.

"ಅಂಗಡಿ ನಂದು, ಲಾಭ ನಂದು, ಎಷ್ಟಾಗುತ್ತೋ ಕಟ್ತೀನಿ. ಬುಟ್ಟಿ ನಂದಲ್ಲ ಸ್ವಾಮಿ."

ಮತ್ತೆ ಯಾರದೆಂದು ಅಧಿಕಾರಿ ಕೇಳಿದರು. ಮೂಟೆಯ ಮೇಲೆ ಕೂತಿದ್ದ ಪಂಚನಹಳ್ಳಿಯ ರಂಗಮ್ಮ ಎದ್ದಳು.

"ಅದ್ರಲ್ಲೊಂದು ನಂದೈತೆ ಕಣಪ್ಪಾ. ನಾನ್ ಕೊಟ್ಟಿದ್ದು ನೀರಿಗೆ. ಸಾಬ್ರಿಗೂ ಅಲ್ಲ, ನಿಂಗೂ ಅಲ್ಲ. ಬೆಳಗ್ಗೆ ರೈಲಿಳಿದು ನೀನೂ ಅಲ್ಲೇ ಕುಡ್ದಲ್ಲ?"

ಅಧಿಕಾರಿ ಬುಟ್ಟಿಯನ್ನು ತೂಗಿಸಿಯೇ ಹೋದರು. ಸಾಹೇಬರು ಸೈನ್ ಹಾಕಲಿಲ್ಲ. ಮುಂದೆ ಬುಟ್ಟಿಯೂ ಸೇರಿ ಬಂದ ತೆರಿಗೆಯನ್ನು, ಒಪ್ಪಿಗೆಯಿಲ್ಲವೆಂದು ಬರೆದುಕೊಟ್ಟೇ ಕಟ್ಟಿದರು.

ನಮ್ಮ ಗಳಿಕೆಯಲ್ಲಿ ಸರ್ಕಾರಕ್ಕೆ ಪಾಲಿದೆ, ಗೆಳೆಯರೇ. ಕೊಟ್ಟುಬಿಟ್ಟದ್ದರಲ್ಲಿ ಇಲ್ಲ. ಅಂದೂ ಹಾಗೆಂದುಕೊಂಡಿದ್ದೆ, ಇಂದೂ ಅದೇ.

ಮರುದಿನ ಸಾಹೇಬರು ತಾವೇ ಬುಟ್ಟಿಯನ್ನು ಎತ್ತಿ ಹೊಸ್ತಿಲಾಚೆ, ಬೀದಿಯ ಬಿಸಿಲಿಗೆ ಇಟ್ಟರು. ಯಾರಾದರೂ ಕದ್ದರೆ ಎಂದು ಈರಪ್ಪ ಕೇಳಿದ.

"ಕದ್ದೋನಿಗೂ ಬಾಯಾರಿಕೆ ಆಗುತ್ತೆ ಬಿಡಪ್ಪಾ," ಎಂದರು.

ಆ ಬೇಸಿಗೆ ಅರವಟ್ಟಿಗೆ ಒಂದು ದಿನವೂ ನಿಲ್ಲಲಿಲ್ಲ. ಬುಟ್ಟಿ ಮತ್ತೆಂದೂ ಒಳಗೆ ಬರಲಿಲ್ಲ. ಸಾಹೇಬರು ಈಗಿಲ್ಲ. ನಾನು ಒಂದು ಮಾತು ಹೆಚ್ಚು ಹೇಳಿದ್ದರೂ ತಿದ್ದಲು ಅಜ್ಜಂಪುರದಲ್ಲಿ ಈರಪ್ಪ ಇದ್ದಾನೆ. ಪಂಚನಹಳ್ಳಿಯಲ್ಲಿ ರಂಗಮ್ಮ ಇದ್ದಾಳೆ.