ಕ್ಯಾಮೆರಾದ ಮುಂದೆ ತಂಗಿ ಹೇಳಿದ್ದು

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರೆಯುವಾಗ ಎಲ್ಲಿ ತಪ್ಪೀತೋ ಎಂಬ ಅಳುಕು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ನಿರೂಪಣೆಯಲ್ಲಿ ಲೋಪಗಳು ಕಂಡರೆ ಓದುಗರು ದಯವಿಟ್ಟು ಮನ್ನಿಸಬೇಕು.

ನಾನು ಹೊಸಪೇಟೆಯ ಕಾಲೇಜಿನಲ್ಲಿ ಅಂತಿಮ ವರ್ಷದಲ್ಲಿದ್ದಾಗ, ಎಂಟನೆಯ ತರಗತಿಯ ನಂತರ ಶಾಲೆ ಬಿಡುವ ಹೆಣ್ಣುಮಕ್ಕಳನ್ನು ಕುರಿತು ಸಾಕ್ಷ್ಯಚಿತ್ರ ಮಾಡುವ ತಂಡವೊಂದು ಬಂದಿತು. ಗಾದಿಗನೂರಿನ ಆಚೆಗಿರುವ ನಮ್ಮೂರನ್ನು ಅವರಿಗೆ ತೋರಿಸುವ ಹೊಣೆಯನ್ನು ಉಪನ್ಯಾಸಕರು ನನಗೆ ವಹಿಸಿದರು. ಅಂಥ ಹುಡುಗಿಯೊಬ್ಬಳು, ನನ್ನ ತಂಗಿ, ನಮ್ಮ ಮನೆಯಲ್ಲಿಯೇ ಇದ್ದಳೆಂಬುದನ್ನು ನಾನು ಅವರಿಗೆ ತಿಳಿಸಲಿಲ್ಲ.

ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅಪ್ಪ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದರು, ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬರು ಇರಲೇಬೇಕಾಗಿತ್ತು. ನನ್ನ ಓದು ಅರ್ಧಕ್ಕೆ ನಿಲ್ಲಬಾರದೆಂದು ಹಿರಿಯರು ತಂಗಿಯ ಓದನ್ನು ನಿಲ್ಲಿಸಿದರು. ಆಗ ನಾನು ಬಾಯಿ ಬಿಡಲಿಲ್ಲ.

ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬರುವ ದಿನ ಚೆನ್ನಾಗಿ ಓದುವ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಚಿತ್ರ ತೆಗೆಯುವವರಿಗೂ ಹಾಗೆಯೇ ತೋರಿಸಬೇಕೆಂದು ಭಾವಿಸಿದೆ. ಅವರು ನಮ್ಮೂರ ಶಾಲೆಗೆ ಬಂದ ದಿನ ತಂಗಿಗೆ ಅವಳ ಗೆಳತಿಯೊಬ್ಬಳ ಸಮವಸ್ತ್ರ ತೊಡಿಸಿ, ಒಂಬತ್ತನೆಯ ತರಗತಿಯಲ್ಲಿ ಅವಳ ಹಳೆಯ ಜೊತೆಗಾತಿಯರ ನಡುವೆ ಕೂರಿಸಿದೆ.

ಚಿತ್ರದ ನಿರ್ದೇಶಕಿ ಸಾಲಾಗಿ ಎಲ್ಲರನ್ನೂ ಮಾತನಾಡಿಸುತ್ತ ಬಂದು, "ನೀನು ಎಷ್ಟನೇ ಕ್ಲಾಸು?" ಎಂದು ಅವಳನ್ನು ಕೇಳಿದರು.

"ಒಂಬತ್ನೇತ್ತ ಅಂತ ಹೇಳು ಅಂದಾಳ್ರಿ ನಮ್ಮಕ್ಕ," ಎಂದಳು ತಂಗಿ. "ನಾನು ಸಾಲಿ ಬಿಟ್ಟು ವರ್ಷ ಆಗಾಕ ಬಂತ್ರಿ."

ತರಗತಿಯೆಲ್ಲ ನಕ್ಕಿತು. "ನಿಮ್ಮಕ್ಕ ಡಿಗ್ರಿ ಓದಿ ಭಾಳ ಚಲೋ ಸುಳ್ಳು ಕಲ್ತಾಳ ಬಿಡಲೇ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಹೊರಗೆ ಬಂದೊಡನೆ ನಿರ್ದೇಶಕಿಯ ಮುಂದೆ ಕೈಮುಗಿದು, ಆ ಭಾಗವನ್ನು ತೆಗೆದುಹಾಕುವಂತೆ ಬೇಡಿಕೊಂಡೆ. ಕಾಲೇಜಿನಲ್ಲಿಯೂ ಆ ಚಿತ್ರ ತೋರಿಸಿದರೆ ಮುಖ ತೋರಿಸುವುದು ಹೇಗೆಂಬುದೊಂದೇ ನನ್ನ ಚಿಂತೆಯಾಗಿತ್ತು. ಅವರು, "ಮಾತಾಡಿದ್ದು ನಿಮ್ಮ ತಂಗಿ. ಅವಳನ್ನೇ ಕೇಳೋಣ," ಎಂದರು.

"ಬ್ಯಾಡ್ರಿ ಮೇಡಂ, ಇರ್ಲಿ," ಎಂದಳು ಅವಳು. ನಂತರ ನನ್ನ ಕಡೆ ತಿರುಗಿದಳು. "ಅದನ್ನ ತಗದ್ರ ನಾನು ಸಾಲ್ಯಾಗ ಅದೀನಿ ಅಂತ ಎಲ್ಲಾರೂ ತಿಳ್ಕಂತಾರಕ್ಕ. ಆಮ್ಯಾಲೆ ನನ್ನ ಸಾಲಿಗೆ ಕರಿಯಾಕ ಯಾರ್ ಬರ್ತಾರ?"

ನಾನು ಮುಗಿದ ಕೈ ಇಳಿಸಿದೆ; ನಿರ್ದೇಶಕಿ ಮತ್ತೆ ಕ್ಯಾಮೆರಾ ಹಿಡಿಸಿ ಶಾಲೆಗೆ ಹೋಗುವ ಆಸೆಯಿದೆಯೇ ಎಂದು ಕೇಳಿದಾಗ ತಂಗಿ ಹೂಂ ಎಂದಳು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಶಾಲೆಯ ಕೋಣೆಯೊಂದರ ಕಿಟಕಿಗಳಿಗೆ ಚಾದರ ಕಟ್ಟಿ ಚಿತ್ರವನ್ನು ತೋರಿಸಿದರು. ಅಪ್ಪ ಗೋಡೆಗೆ ಒರಗಿ ನಿಂತು ಕೊನೆಯವರೆಗೂ ನೋಡಿದರು. ಮನೆಯ ದಾರಿಯಲ್ಲಿ ತಂಗಿಯನ್ನು ಕೇಳಿದರು: "ಸಾಲಿಗೆ ಹೋಗ್ಬೇಕು ಅಂತ ನನ್ ಮುಂದ ಯಾಕ ಅನ್ಲಿಲ್ಲವ್ವ?"

"ನೀ ಕೇಳಿದ್ದಿಲ್ಲಲ್ಲಪ್ಪ. ಅವ್ರು ಕೇಳಿದ್ರು."

ಅಪ್ಪ ಮನೆಗೆ ಬಂದವರೇ ಅಜ್ಜಿಯ ಮಂಚದ ಬಳಿ ಕುಳಿತು, ಯಾವ ಹೊತ್ತಿಗೆ ಏನೇನು ಮಾಡಬೇಕೆಂದು ಅವ್ವನನ್ನು ವಿಚಾರಿಸತೊಡಗಿದರು.

ಆ ಜೂನ್‌ನಲ್ಲಿ ತಂಗಿ ಒಂಬತ್ತನೆಯ ತರಗತಿಗೆ ಸೇರಿದಳು. ಅಜ್ಜಿಯ ಆರೈಕೆ ಎಲ್ಲರ ಪಾಲಿಗೂ ಬಂದಿತು: ಬೆಳಗಿನ ಸ್ನಾನ, ಗಂಜಿ ಅವ್ವನದು, ಅಪ್ಪ ಲಾರಿಯ ಪಾಳಿ ಬದಲಿಸಿಕೊಂಡು ಹಗಲು ಮನೆಯಲ್ಲಿರತೊಡಗಿದರು, ಸಂಜೆ ನನ್ನದು. ಅಜ್ಜಿ ಆಮೇಲೆ ಎರಡು ವರ್ಷ ಬದುಕಿದ್ದರು. ತಂಗಿ ಈಗ ಹೊಸಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ.