ಅಟ್ಟಕ್ಕೆ ಹಾಕದ ಕಾಯಿ

ಜಪಾನಿನ ಯಾವುದೋ ಬೆಂಕಿ ಉಗುಳೋ ಬೆಟ್ಟದ ಬುಡದಲ್ಲಿ ಕಾಡಿನೊಳಗೊಂದು ಕಾಲುದಾರಿಯಂತೆ. ಮಕ್ಕಳು, ಬಸುರಿಯರು, ಕೋಲೂರುವ ಅಜ್ಜಿಯರು, ಎಲ್ಲರೂ ಆರಾಮಾಗಿ ನಡೆದು ಬರ್ತಾರಂತೆ. ಮಗಳು ಮೊಬೈಲಿನಲ್ಲಿ ಆ ವಿಡಿಯೋ ಹಾಕಿ ಅವಳಮ್ಮನಿಗೆ ತೋರಿಸಿದ್ದೇ ತೋರಿಸಿದ್ದು. ನನ್ನ ಹೆಂಡತಿ ದಿಂಬಿಗೊರಗಿಕೊಂಡು ನೋಡಿ ನೋಡಿ, "ನಮ್ಮನ್ನೂ ಒಂದ್ಸಲ ಇಂಥ ಕಾಡಿಗೆ ಕರ್ಕೊಂಡೋಗ್ರೀ" ಅಂದಳು. ಹೊನ್ನವಳ್ಳಿ ಪಕ್ಕದ ತೋಟದ ಮನೆ ಬಿಟ್ಟು ತಿಪಟೂರಿಗೆ ಹೋಗೋದಕ್ಕೇ ಗೊಣಗುವ ಆಸಾಮಿ ನಾನು. ಜಪಾನಂತೆ ಜಪಾನು! "ಚಿಕ್ಕನಾಯಕನಹಳ್ಳಿ ಕಡೆ ಬೆಟ್ಟ ಇದೆಯಲ್ಲ, ಅದನ್ನೇ ಜಪಾನು ಅಂದ್ಕೋ ಕಣೇ" ಅಂದೆ. ನಾನು ಅಂದದ್ದು ತಮಾಷೆಗೆ. ಅವಳು ಅದನ್ನೇ ಗಟ್ಟಿಯಾಗಿ ಹಿಡ್ಕೊಂಡಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಇತ್ತು. ಈ ಮಾತಿಗೆ ಎರಡು ತಿಂಗಳ ಮುಂಚೆ ತುಮಕೂರಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನು ಮಾಡೋದೇನೂ ಉಳಿದಿಲ್ಲ, ಬೇಸಿಗೆ ಕಾಣೋದು ಕಷ್ಟ ಅಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ನನ್ನ ಮುಖ ನೋಡಿದಳು. "ಗಡ್ಡೆ ಕರಗ್ತಾ ಇದೆಯಂತೆ ಕಣೇ" ಅಂದುಬಿಟ್ಟೆ. ಹೆಂಗೆ ಬಂತೋ ಆ ಮಾತು ಬಾಯಿಗೆ, ದೇವರಾಣೆ ಗೊತ್ತಿಲ್ಲ. ಅವಳು ನಂಬಿದಳು. ಮನೆಗೆ ಬಂದು ಅರ್ಧ ಮುದ್ದೆ ಉಂಡಳು. ಮಗಳ ಮದುವೆಗೆ ಎಂಥ ಸೀರೆ ಉಡಬೇಕು ಅನ್ನೋವರೆಗೂ ಹೋಯ್ತು ಮಾತು, ಮಗಳಿನ್ನೂ ಒಂಬತ್ತನೇ ಕ್ಲಾಸು! ಆ ನಂಬಿಕೆ ಒಂದನ್ನು ಕೊನೇವರೆಗೂ ಕಾಯ್ದುಬಿಟ್ಟರೆ ಸಾಕು, ನನ್ನ ಕೈಲಿ ಆಗೋದು ಅದೊಂದೇ ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಕಾರ್ತೀಕದ ಒಂದು ಭಾನುವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಮೂವರೂ ಹೊರಟೆವು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದರೆ ಅಲ್ಲಿಂದ ಸಣ್ಣ ಕಾಲುದಾರಿ. ಏರು ಅನ್ನೋ ಹಂಗೇ ಇಲ್ಲ, ನಮ್ಮ ಕೆರೆ ಏರಿ ಹತ್ತಿದಷ್ಟು. ಮಳೆ ಚೆನ್ನಾಗಿ ಆಗಿತ್ತು, ಎರಡೂ ಕಡೆ ಹಸಿರು ಪೊದೆ, ತಂಗಡಿ ಹೂ, ಮಧ್ಯೆ ಮಧ್ಯೆ ಹೊನ್ನೆ ಮರ. ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಯಾರೋ ಪುಣ್ಯಾತ್ಮರು ದಾರಿಯುದ್ದಕ್ಕೂ ಚಿಪ್ಸ್ ಕವರು ಎಸೆದಿದ್ದರು. ನಾನು ಬಾಯಿಗೆ ಬಂದಂಗೆ ಬಯ್ದೆ. "ಬಯ್ಯೋಕೆ ಅಂತಲೇ ಇಷ್ಟು ದೂರ ಬಂದ್ರಾ? ಮನೇಲೇ ಬಯ್ಬೋದಿತ್ತು" ಅಂದಳು ಇವಳು. ಮಗಳು ಕಿಸಕ್ಕನೆ ನಕ್ಕಳು. ಇವಳು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತಗೊಳ್ಳುತ್ತಿದ್ದಳು, ಆದರೂ ಮುಖದಲ್ಲಿ ಕಳೆ ಇತ್ತು. ಸಾಯೋಳಿಗೆ ಇಷ್ಟು ಕಳೆ ಯಾಕೆ ಕೊಡ್ತೀಯಪ್ಪಾ ಅಂತ ದೇವರಿಗೂ ಒಂದೆರಡು ಬಯ್ದೆ, ಮನಸ್ಸಿನಲ್ಲೇ.

ದಾರಿ ತಿರುಗೋ ಕಡೆ ಅಗಲವಾದ ಬಂಡೆ. ಅದರ ಮೇಲೆ ಅವಳನ್ನು ಕೂರಿಸಿದೆ. ಬೆಟ್ಟದ ನೆಲ್ಲಿಕಾಯಿ ಸಿಗುತ್ತೇನೋ ನೋಡ್ತೀನಿ ಅಂತ ಮಗಳು ಮುಂದೆ ಓಡಿದಳು. ಕೆಳಗೆ ಕಣ್ಣು ಹಾಯಿಸಿದಷ್ಟೂ ತೆಂಗು. ಇವಳು ಅದನ್ನೇ ನೋಡುತ್ತಾ, "ಕಾಯಿಮನೆ ಅಟ್ಟ ಖಾಲಿ ಇದೆಯಲ್ರೀ" ಅಂದಳು.

ಕಾಯಿಲೆ ಬಿದ್ದಮೇಲೆ ಅವಳು ಹಿತ್ತಿಲಿನ ಕಾಯಿಮನೆ ಕಡೆ ಹೋಗಿರಲಿಲ್ಲ. ಇವತ್ತಿನ ನಡಿಗೆಗೆ ಕಾಲು ಹೆಂಗಿದೆ ನೋಡೋಣ ಅಂತ ಹಿಂದಿನ ಸಂಜೆ ಅಲ್ಲೀತನಕ ನಡೆದು ಹೋಗಿದ್ದಳಂತೆ.

"ಈ ಸಲದ ಕಾಯೆಲ್ಲಾ ಎಲ್ಲಿ?"

"ಹಸಿಕಾಯಿಗೇ ಕೊಟ್ಟುಬಿಟ್ಟೆ ಕಣೇ. ರೇಟು ಚೆನ್ನಾಗಿತ್ತು."

ನಮ್ಮಪ್ಪನ ಕಾಲದಿಂದ ನಮ್ಮನೇಲಿ ಹಸಿಕಾಯಿ ಮಾರಿದ್ದಿಲ್ಲ. ಕಾಯಿ ಕೆಡವಿಸಿದರೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕೋದು. ಹೆಚ್ಚೂಕಮ್ಮಿ ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಮೇಲೇ ಉಂಡೆ ಕೊಬ್ಬರಿ. ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಆಗಿದೆ, ಇದಿನ್ನೂ ಆಗಬೇಕು ಅಂತ ಹೇಳೋದು ಅವಳ ಕೆಲಸ. ನನ್ನ ಕಿವಿಗೆ ಎಲ್ಲ ಕಾಯೂ ಒಂದೇ. ಈ ಸಲ ಅಂಗಳದಲ್ಲಿ ಕಾಯಿ ರಾಶಿ ಬಿದ್ದಾಗ ಅಟ್ಟದ ಕಡೆ ನೋಡಿದೆ. ಇವು ಕೊಬ್ಬರಿ ಆಗೋ ಹೊತ್ತಿಗೆ ಅಲ್ಲಾಡಿಸೋಳು ಎಲ್ಲಿರ್ತಾಳೆ ಅನ್ನಿಸಿಬಿಟ್ಟಿತು. ಅವಳು ಮಲಗಿದ್ದಾಗ ಹಸಿಕಾಯಿ ವ್ಯಾಪಾರದವನಿಗೆ ಫೋನ್ ಮಾಡಿ ಲಾರಿಗೆ ತುಂಬಿಸಿದೆ. ಅದೇನು ಮಹಾ ಬುದ್ಧಿವಂತಿಕೆಯೋ ನಂದು! ನಮ್ಮ ಸೀಮೆಯಲ್ಲಿ ಅಟ್ಟ ಖಾಲಿ ಬಿಟ್ಟರೆ ಮುಂದಿನ ವರ್ಷದ ಆಸೆ ಬಿಟ್ಟರು ಅಂತಲೇ ಅರ್ಥ. ದನ ಕಾಯೋನಿಗೂ ಗೊತ್ತಾಗೋದು ಅವಳಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೆ.

"ರೇಟು ಬಿದ್ದೋಗಿದೆ ಅಂತ ಪಕ್ಕದ ತೋಟದವರು ಮೊನ್ನೆ ತಾನೇ ಗೋಳಾಡ್ತಿದ್ರು" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಡಾಕ್ಟರು ಏನಂದ್ರು? ನಿಜ ಹೇಳಿ."

"ತಲೆ ಕೆಟ್ಟಿದೆಯೇನೇ ನಿಂಗೆ? ಚೆನ್ನಾಗಿರೋ ದಿನ ಯಾಕೆ ಹಾಳುಮಾಡ್ತೀಯಾ? ಕರಗ್ತಾ ಇದೆ ಅಂತ ಹೇಳ್ಲಿಲ್ವಾ?" ಅಂತ ಕೂಗಾಡಿದೆ. ಕೂಗಿದರೆ ಸುಳ್ಳು ನಿಲ್ಲುತ್ತೆ ಅಂದುಕೊಂಡಿದ್ದೆನೋ ಏನೋ. ಅವಳು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ. ಅವಳಿಗೆ ಅಷ್ಟೇ ಸಾಕಾಯಿತು.

ಆಮೇಲೆ ಅಂದಳು: "ನಂಗೆ ಹೇಳೋಕೆ ಮುಂಚೆ ಕಾಯಿ ವ್ಯಾಪಾರದೋನಿಗೆ ಹೇಳ್ಬುಟ್ರಲ್ರೀ."

ಸಾಯ್ತೀನಿ ಅಂತ ಅಳಲಿಲ್ಲ ಪುಣ್ಯಾತ್ಗಿತ್ತಿ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಷ್ಟರಲ್ಲಿ ಮಗಳು ಚೂಡಿದಾರದ ವೇಲಿನಲ್ಲಿ ನೆಲ್ಲಿಕಾಯಿ ಕಟ್ಟಿಕೊಂಡು ಓಡಿಬಂದಳು. ಇನ್ನು ಸ್ವಲ್ಪ ದೂರ, ಅಲ್ಲಿಂದ ಕೆರೆ ಕಾಣುತ್ತೆ, ಬನ್ನಿ ಬನ್ನಿ ಅಂತ ಅವಸರ ಮಾಡಿದಳು. "ಬೇಡ ಕಣವ್ವ, ನಿಮ್ಮಪ್ಪಂಗೆ ಸುಸ್ತಾಗಿದೆಯಂತೆ" ಅಂದು ಇವಳೇ ಎದ್ದಳು. ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ಮಗಳ ಹೆಗಲು ಹಿಡಿದುಕೊಂಡಳು.

ಆ ದಿನದಿಂದ ಅವಳು ಮುಂದಿನ ದಿನಗಳ ಮಾತು ಆಡೋದನ್ನೇ ಬಿಟ್ಟಳು. ಮದುವೆ ಇಲ್ಲ, ಸೀರೆ ಇಲ್ಲ. ಮುದ್ದೆ ಕಾಲು ಭಾಗಕ್ಕೆ ಇಳಿಯಿತು. ಅವಳನ್ನು ಗಡ್ಡೆ ತಿನ್ನುವುದಕ್ಕಿಂತ ಮೊದಲು ನಾನೇ ತಿಂದುಹಾಕಿದೆ ಅಂತ ನನಗೆ ಈಗಲೂ ಅನ್ನಿಸುತ್ತೆ. ಅಲ್ಲ ಅಂತ ಯಾರು ಹೇಳಿದರೂ ನಾನು ಕೇಳಲ್ಲ.

ವ್ಯಾಪಾರದವನ ಹತ್ತಿರ ಓಡಿದೆ, ಕಾಯಿ ವಾಪಸ್ ಕೊಡಪ್ಪಾ ಅಂತ. ಲಾರಿ ಹೋಗಿ ಎಷ್ಟು ದಿನವಾಯಿತು ಯಜಮಾನ್ರೇ ಅಂತ ನಕ್ಕ. ಕೊನೆಗೆ ಬಿಳಿಗೆರೆ ಕಡೆ ಒಂದು ತೋಟದಲ್ಲಿ ಆಗತಾನೇ ಕೆಡವಿದ್ದ ಕಾಯಿ ಕೊಂಡು ಟ್ರ್ಯಾಕ್ಟರಿನಲ್ಲಿ ತಂದೆ. ಆಳು ಕರೆಯಲಿಲ್ಲ. ನಾನೊಬ್ಬನೇ ಏಣಿ ಹತ್ತಿ ಇಳಿದು, ಹತ್ತಿ ಇಳಿದು ಅಟ್ಟ ತುಂಬಿಸುತ್ತಿದ್ದೆ. ಸದ್ದು ಕೇಳಿ ಅವಳು ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಯಾರ ಕಾಯಿ?"

"ನಮ್ಮವೇ ಕಣೇ. ಕೆರೆ ಕಡೆ ತೋಟದವು, ಒಂದಷ್ಟು ಉಳಿದಿದ್ವು."

ನಮ್ಮ ಮರದ ಕಾಯಿ ಗುಂಡಗೆ. ಇವು ನೀಳ, ತೊಟ್ಟಿನ ಕಡೆ ಚೂಪು. ಬೇರೆಯವರ ಕಾಯಿ ಒಂದೇ ಒಂದು ನಮ್ಮ ರಾಶಿಗೆ ಸೇರಿದರೂ ದೂರದಿಂದಲೇ ಗುರುತು ಹಿಡಿದು ಆಚೆ ಎಸೆಯುತ್ತಿದ್ದ ಹೆಂಗಸು. ಏಣಿ ಬುಡಕ್ಕೆ ಬಂದು ಒಂದು ಕಾಯಿ ಕೈಗೆ ತಗೊಂಡಳು. ತೊಟ್ಟಿನ ಮೇಲೆ ಬೆರಳಾಡಿಸಿದಳು. ನನ್ನ ಬೆವರಿಳಿದ ಮುಖ ನೋಡಿದಳು.

"ಹೂಂ, ನಮ್ಮವೇ" ಅಂದು, ಆ ಕಾಯನ್ನು ಏಣಿ ಮೇಲಿದ್ದ ನನ್ನ ಕೈಗೆ ಎತ್ತಿ ಕೊಟ್ಟಳು.